ಖಾಲಿ ಚಟ್ಟ

ಬೊಯೆದ್ರೊಮಿಯೋನ್ ತಿಂಗಳು, ಇಪ್ಪತ್ತೆಂಟನೆಯ ದಿನ

ಇದು ಒಡೆದ ಕುಡಿಕೆಯ ಹೊಟ್ಟೆಯ ಚೂರು. ಅಗಲವಾಗಿದೆ, ಬರೆಯಲು ಸಾಕು. ಅಪ್ಪ ನನಗೆ ಅಕ್ಷರ ಕಲಿಸಿದ್ದು ಗೋರಿಗೆ ಹೋಗುವ ಬಿಳಿ ಎಣ್ಣೆಕುಡಿಕೆಗಳ ಮೇಲೆ ಸತ್ತವರ ಹೆಸರು ಬರೆಯಲಿ ಎಂದು. ಇವತ್ತು ಒಂದೇ ದಿನ ಹದಿನೇಳು ಹೆಸರು ಬರೆದೆ. ಬೆರಳು ಸೆಟೆದುಕೊಂಡಿದೆ. ಆದರೂ ಇದನ್ನು ಬರೆಯದಿದ್ದರೆ ಎದೆ ಒಡೆದುಹೋಗುತ್ತದೆ.

ಸಿಸಿಲಿಗೆ ಹೋದ ಹಡಗುಗಳಲ್ಲಿ ಒಂದೂ ಉಳಿದಿಲ್ಲವಂತೆ. ಸುದ್ದಿ ಬಂದು ಆರು ದಿನವಾಯಿತು. ಮೊದಲ ಮೂರು ದಿನ ಅಥೆನ್ಸಿನಲ್ಲಿ ಯಾರೂ ನಂಬಲಿಲ್ಲ. ನಾಲ್ಕನೆಯ ದಿನದಿಂದ ನಮ್ಮ ಕುಂಬಾರಗೇರಿಯಲ್ಲಿ ಕಾಲಿಡಲು ಜಾಗವಿಲ್ಲ. ಹೆಣವಿಲ್ಲ, ಬೂದಿಯಿಲ್ಲ, ಎಲ್ಲರೂ ಖಾಲಿ ಚಟ್ಟ ಹೊರುತ್ತಾರೆ, ಎಲ್ಲರಿಗೂ ಕುಡಿಕೆ ಬೇಕು. ಸ್ಪಾರ್ಟಾದವರು ನಮ್ಮ ಆಲಿವ್ ತೋಪುಗಳನ್ನೆಲ್ಲ ಕಡಿದು ಕೂತಿರುವುದರಿಂದ ಎಣ್ಣೆಗೂ ಬರ. ಅದಕ್ಕೇ ಕುಡಿಕೆಯ ಕುತ್ತಿಗೆಯ ಕೆಳಗೆ ಹೆಬ್ಬೆರಳಿನಷ್ಟು ಒಂದು ಪುಟ್ಟ ಬುಡ್ಡಿಯನ್ನು ಒಳಗೇ ಅಂಟಿಸಿಬಿಡುತ್ತೇವೆ. ಎರಡು ಗುಟುಕು ಎಣ್ಣೆಗೇ ಕುಡಿಕೆ ತುಂಬಿದಂತೆ ಕಾಣುತ್ತದೆ. ಸತ್ತವರಿಗೂ ಟೋಪಿ.

ನನ್ನ ಗಂಡ ತೆಲೆಸೋನ್ ಆ ಹಡಗುಗಳಲ್ಲಿ ಹೋಗಿ ಆರು ತಿಂಗಳು. ಅವನು ತಿಗರಿಯಲ್ಲಿ ಮಾಡಿಟ್ಟು ಹೋದ ಬಟ್ಟಲುಗಳು ಒಂದು ಸಾಲು ಇನ್ನೂ ಉಳಿದಿವೆ. ಒಳಗೆ ಬೆರಳಿಟ್ಟರೆ ಅವನ ಬೆರಳಿನ ಗೆರೆಗಳು ಸಿಗುತ್ತವೆ. ನಾಚಿಕೆ ಬಿಟ್ಟು ಬರೆಯುತ್ತೇನೆ, ಓದುವವರು ಯಾರಿದ್ದಾರೆ? ಆ ಗೆರೆ ಮುಟ್ಟಿದರೆ ನನ್ನ ಮೈಯೆಲ್ಲ ಅವನ ಕೈಗಾಗಿ ಹಂಬಲಿಸುತ್ತದೆ.

ಸಂಜೆ ಅತ್ತೆ ಬಂದು ನಿಂತರು. “ಅವನಿಗೂ ಒಂದು ಬರೆದಿಡೇ ಲಿಸಿ.”

“ಬರೆಯಲ್ಲ.”

“ಬರೀದೆ ಇದ್ರೆ ಬದುಕಿಬಿಡ್ತಾನಾ?”

“ಬರೆದ್ರೆ ಸತ್ತೇಹೋಗ್ತಾನೆ ಅತ್ತೆ.”

“ಹಟಮಾರಿ ಮುಂಡೇದು,” ಎಂದು ಬೈದುಕೊಂಡು ಒಳಗೆ ಹೋದರು. ಒಳಗೆ ಅಳುವುದು ಕೇಳಿಸಿತು.

ಪ್ಯಾನೆಪ್ಸಿಯೋನ್, ಒಂಬತ್ತು

ಅಣ್ಣ ದೆಕ್ಸಿಯಾಸ್ ಬಂದಿದ್ದ. ಕೈಯಲ್ಲಿ ಒಂದು ಬುಟ್ಟಿ ಅಂಜೂರ. ಅಂಜೂರ ತಂದನೆಂದರೆ ಏನೋ ಹಿಂಡಲು ಬಂದಿದ್ದಾನೆ ಎಂದೇ ಅರ್ಥ.

“ನೋಡು ಲಿಸಿಲ್ಲಾ, ಅವನ ಸಾವಿನ ಶಾಸ್ತ್ರ ಮುಗಿಸಿಬಿಟ್ರೆ ಎಲ್ಲರಿಗೂ ಒಳ್ಳೇದು. ನಿಂಗೆ ಮಕ್ಕಳೂ ಇಲ್ಲ. ಬಂದರಿನಲ್ಲಿ ಒಬ್ಬ ಹಗ್ಗದ ವ್ಯಾಪಾರಿ ಇದಾನೆ, ಹೆಂಡ್ತಿ ಹೋಗಿ ವರ್ಷ ಆಯ್ತು. ಒಳ್ಳೇ ಮನುಷ್ಯ.”

“ಹಲ್ಲಿದೆಯಾ?”

“ಮುಂದಿನದು ಇದೆ.”

“ಹಾಗಾದ್ರೆ ಅವನೇ ನಿನ್ನ ಅಂಜೂರ ತಿನ್ನಲಿ,” ಎಂದೆ. ಅಣ್ಣನಿಗೆ ಸಿಟ್ಟು ಬಂತು. ಗಂಡ ಸತ್ತದ್ದೇ ಆದರೆ ನಾನು ಅಣ್ಣನ ಅಧೀನ, ಅವನು ಕೊಟ್ಟ ಕಡೆ ಹೋಗಬೇಕು. ಸಾಯದಿದ್ದರೆ ಈ ಮನೆ, ಮಣ್ಣು ತಿರುಗಿಸುವ ಈ ತಿಗರಿ, ಕುಡಿಕೆ ಸುಡುವ ಈ ಆವಿಗೆ, ಈ ಕಾಯುವಿಕೆ ನನ್ನದು. ಖಾಲಿ ಚಟ್ಟ ಈ ಬಾಗಿಲು ದಾಟದಿರುವ ತನಕ ನಾನು ತೆಲೆಸೋನನ ಹೆಂಡತಿ. ಹೋಗುವಾಗ ಅಣ್ಣ ಬುಟ್ಟಿ ಬಿಟ್ಟೇ ಹೋದ. ಅತ್ತೆ ಮತ್ತು ನಾನು ಕೂತು ಪೂರಾ ತಿಂದೆವು.

ಮೈಮಕ್ತೆರಿಯೋನ್, ಇಪ್ಪತ್ತು

ಮಳೆ. ಯಾವುದೂ ಒಣಗುತ್ತಿಲ್ಲ. ಅವನಿಲ್ಲ.

ಪೊಸೈದೆಯೋನ್, ಹದಿನಾಲ್ಕು

ಸಿಸಿಲಿಯಿಂದ ತಪ್ಪಿಸಿಕೊಂಡು ಬಂದವನೊಬ್ಬ ಸಂತೆಕಟ್ಟೆಯಲ್ಲಿದ್ದಾನೆ ಎಂದು ಸಿಮಿಕೆಕ್ಕ ಹೇಳಿದಳು. ಸಿಮಿಕೆಕ್ಕ ನಮ್ಮ ಗೇರಿಯ ಕೊನೆಯಲ್ಲಿ ಹೂಮಾಲೆ ಕಟ್ಟಿ ಮಾರುವವಳು. ಇಬ್ಬರು ಗಂಡುಮಕ್ಕಳನ್ನೂ ಅದೇ ಹಡಗುಗಳಲ್ಲಿ ಕಳಿಸಿದ್ದಳು. ನಾವಿಬ್ಬರೂ ಕೇಳಲು ಓಡಿದೆವು.

ಮನುಷ್ಯನೆಂದರೆ ಮನುಷ್ಯನಲ್ಲ, ಎಲುಬಿಗೆ ಬಟ್ಟೆ ಹಾಕಿದಂತಿದ್ದ. ಸೆರೆ ಸಿಕ್ಕವರನ್ನೆಲ್ಲ ಕಲ್ಲುಗಣಿಯೊಳಗೆ ತಳ್ಳಿದ್ದರಂತೆ. ದಿನಕ್ಕೆ ಒಬ್ಬನಿಗೆ ಒಂದು ಬಟ್ಟಲು ನೀರು, ಎರಡು ಬಟ್ಟಲು ಕಾಳು. ಸಿಮಿಕೆಕ್ಕ ತನ್ನ ಮಕ್ಕಳ ಹೆಸರು ಹೇಳಿದಳು. ಅವನು ಕಣ್ಣು ತಗ್ಗಿಸಿ, “ನದೀ ದಡದಲ್ಲೇ, ಅಮ್ಮ. ಇಬ್ರೂ,” ಎಂದ. ನಾನು ತೆಲೆಸೋನನ ಹೆಸರು ಹೇಳಿದೆ.

“ಕುಂಬಾರನಾ? ಗೊತ್ತಿಲ್ಲ ತಾಯಿ. ಗಣಿಯಲ್ಲಿ ಏಳು ಸಾವಿರ ಜನ ಇದ್ವಿ.”

ಗೊತ್ತಿಲ್ಲ ಎಂದ. ಸತ್ತ ಎನ್ನಲಿಲ್ಲ. ಸಿಮಿಕೆಕ್ಕನನ್ನು ಹಿಡಿದುಕೊಂಡು ಮನೆಗೆ ಕರೆತಂದೆ. ನನಗೋ ಒಳಗೊಳಗೇ ಸಂತೋಷ. ಅವಳ ಪಕ್ಕದಲ್ಲಿ ನಡೆಯುತ್ತ ಸಂತೋಷಪಟ್ಟೆನಲ್ಲ, ಥೂ ನನ್ನ ಜನ್ಮಕ್ಕೆ.

ಗಮೆಲಿಯೋನ್, ಆರು

ಮದುವೆಯ ತಿಂಗಳು. ಯುದ್ಧವಿದ್ದರೇನು, ಬೀದಿಯಲ್ಲಿ ಇವತ್ತೂ ಒಂದು ದಿಬ್ಬಣ ಹೋಯಿತು. ನಾಲ್ಕು ವರ್ಷದ ಹಿಂದೆ ನನ್ನನ್ನು ಬಂಡಿಯಲ್ಲಿ ಈ ಮನೆಗೆ ತಂದಾಗ ತೆಲೆಸೋನನ ಉಗುರಿನಲ್ಲಿ ಮಣ್ಣಿತ್ತು. “ಮದುವೆ ದಿನವಾದ್ರೂ ತೊಳ್ಕೋಬಾರ್ದಾ?” ಎಂದು ಕೇಳಿದ್ದೆ, ಅದೇ ನಾನು ಅವನಿಗೆ ಆಡಿದ ಮೊದಲ ಮಾತು. “ತೊಳೆದ್ರೆ ಹೋಗೋ ಮಣ್ಣಲ್ಲ ಇದು,” ಎಂದಿದ್ದ. ಆಮೇಲೆ ನನ್ನ ಬೆನ್ನ ಮೇಲೂ ಆ ಕೈಯ ಒರಟು ಹತ್ತಿತು. ಈಗ ಹಾಸಿಗೆಯ ಅರ್ಧ ಭಾಗ ತಣ್ಣಗಿದೆ. ಬಾ ಮಾರಾಯ. ಉಗುರು ತೊಳೆಯದೇ ಬಾ.

ಥಾರ್ಗೆಲಿಯೋನ್, ಹನ್ನೊಂದು

ನಾಲ್ಕು ತಿಂಗಳು ಬರೆದಿಲ್ಲ. ಬರೆಯಲು ಚೂರುಗಳಿಗೇನೂ ಕೊರತೆಯಿರಲಿಲ್ಲ, ಹೇಳಲು ಹೊಸದೇನೂ ಇರಲಿಲ್ಲ.

ಅತ್ತೆ ಮಲಗಿಬಿಟ್ಟಿದ್ದಾರೆ. ಕಾಲು ಊದಿದೆ, ನಾಲ್ಕು ಹೆಜ್ಜೆಗೆ ಉಸಿರು ಕಟ್ಟುತ್ತದೆ. ಬೆಳಿಗ್ಗೆ ಬಣ್ಣದ ಕೆಲಸ ಮುಗಿಸಿ ಮಧ್ಯಾಹ್ನವೆಲ್ಲ ಅವರ ಪಕ್ಕ ಕೂರುತ್ತೇನೆ. ಮಾತೆಲ್ಲ ಮಗನದೇ. ಹುಟ್ಟಿದಾಗ ಎಷ್ಟು ಸಣ್ಣಗಿದ್ದನೆಂದರೆ ಆವಿಗೆಯ ಬೆಚ್ಚಗಿನ ಗೋಡೆಗೆ ಒರಗಿಸಿದ ಬುಟ್ಟಿಯಲ್ಲಿ ಬೆಳೆಸಿದರಂತೆ. ಎರಡು ವರ್ಷದ ತನಕ ಮಣ್ಣು ತಿನ್ನುತ್ತಿದ್ದನಂತೆ. ಗುಡುಗಿದರೆ ದೊಡ್ಡ ಗುಡಾಣದೊಳಗೆ ಇಳಿದು ಕೂರುತ್ತಿದ್ದನಂತೆ. ಎದೆಗೆ ಶೀತ ಬೇಗ ಏರುತ್ತದೆ, ಅದಕ್ಕೆ ಈರುಳ್ಳಿ ಸುಟ್ಟು ಕಟ್ಟಬೇಕು.

“ಮೂಗು ಹೇಗಿತ್ತು ಗೊತ್ತಾ? ಇಷ್ಟೇ ಇಷ್ಟು, ಕಡಲೆಕಾಳು!”

ಹೂ ಮಾರಿ ಬಂದ ಸಿಮಿಕೆಕ್ಕ ಬಾಗಿಲಲ್ಲೇ ನಿಂತು, “ಹೆತ್ತೋರಿಗೆ ಹೆಗ್ಗಣ ಮುದ್ದು. ನಾ ಕಂಡ ಹಾಗೆ ಆ ಮೂಗು ಹಡಗು ಹತ್ತೋವರೆಗೂ ಸೋರ್ತಾನೇ ಇತ್ತು,” ಎಂದಳು. ಮೂವರೂ ನಕ್ಕೆವು. ಅತ್ತೆಗೆ ನಗುತ್ತ ನಗುತ್ತ ಕೆಮ್ಮು ಬಂದು ಬೆನ್ನು ನೀವಬೇಕಾಯಿತು.

ಹೆಕತೊಂಬಯೋನ್, ನಾಲ್ಕು

ವರ್ಷ ಬದಲಾಯಿತು. ಇವತ್ತು ಕನಸಿನಲ್ಲಿ ತೆಲೆಸೋನ್ ಬಂದ. ಮಣ್ಣು ತಿನ್ನುತ್ತಿದ್ದ. ಬಾಯಿಗೆ ಬೆರಳು ಹಾಕಿ ತೆಗೆದೆ. ಎದ್ದ ಮೇಲೂ ಬೆರಳು ಒದ್ದೆಯಾಗಿದೆಯೇ ಎಂದು ನೋಡಿಕೊಂಡೆ. ಅವನಿಗೆ ಊಟ ಸಿಗುತ್ತಿದೆಯೋ ಇಲ್ಲವೋ ಎಂಬುದೇ ದಿನವೆಲ್ಲ ಚಿಂತೆ.

ಮೆತಗೈತ್ನಿಯೋನ್, ಇಪ್ಪತ್ತೆರಡು

ಅತ್ತೆ ಅನ್ನನೀರು ಬಿಟ್ಟಿದ್ದಾರೆ. ಇವತ್ತು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೇಳಿದರು.

“ಲಿಸಿ, ನಾನು ಇನ್ನೆಷ್ಟು ದಿನ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ನೀನು ನಂಗೆ ಎಣ್ಣೆ ಹೊಯ್ತೀಯ, ನಾನು ಸತ್ತೋರ ನದಿ ದಾಟಿ ಆಚೆ ಹೋಗ್ತೀನಿ. ಅವನಿಗೆ ಯಾರೂ ಎಣ್ಣೆ ಹೊಯ್ದಿಲ್ಲ. ಅವನು ಈಚೆ ದಡದಲ್ಲೇ ಅಲೀತಿರ್ತಾನೆ. ದೋಣಿ ಹೊರಟಾಗ ನನ್ನ ಕಂಡು ‘ಅಮ್ಮಾ’ ಅಂದ್ರೆ ಏನು ಮಾಡ್ಲಿ ಹೇಳು? ದೋಣಿಯೋನು ಹತ್ತಿಸಲ್ಲ. ನಾನು ಇಳಿಯೋಕಾಗಲ್ಲ.”

“ಬದುಕಿದ್ರೆ, ಅತ್ತೆ?”

“ಬದುಕಿದ್ರೆ ಇಷ್ಟು ಹೊತ್ತಿಗೆ ಬರ್ತಿರ್ಲಿಲ್ವೇನೇ? ರಾತ್ರಿಯೆಲ್ಲ ನೀರು ಕೇಳ್ತಾನೆ ಕಣೇ. ಬಾಯಾರಿ ಸತ್ತವನು.”

ನನಗೂ ಕೇಳಿಸುತ್ತಿದೆ ಈಚೆಗೆ. ಬಟ್ಟಲಿನಲ್ಲಿ ನೀರು ತುಂಬಿಕೊಂಡು ಕುಡಿಯದೇ ಕೆಳಗಿಡುತ್ತೇನೆ.

ಬೊಯೆದ್ರೊಮಿಯೋನ್, ಎರಡು

ಒಪ್ಪಿಕೊಂಡೆ. ಅಣ್ಣನಿಗಾಗಿ ಅಲ್ಲ, ಶಾಸ್ತ್ರಕ್ಕಾಗಿ ಅಲ್ಲ. ಮುದುಕಿಯೊಬ್ಬಳು ದೋಣಿಯಲ್ಲಿ ಕೂತು ದಡದ ಮೇಲೆ ಬಿಟ್ಟುಬಂದ ಮಗನನ್ನು ನೋಡುವುದು ಕಣ್ಣಿಗೆ ಕಟ್ಟಿಬಿಟ್ಟಿತು. ಅದನ್ನು ತಡೆಯಲಾಗಲಿಲ್ಲ.

ಕುಡಿಕೆ ಬರೆಯಲು ಕುಳಿತರೆ ಮುಖ ಬರಲಿಲ್ಲ. ನೂರಾರು ಜನರ ಮುಖ ಬರೆದ ಕೈ ಇದು. ಕಣ್ಣು ಬರೆದರೆ ಬೇರೆ ಯಾರದೋ ಕಣ್ಣು. ಗಡ್ಡ ಬರೆದರೆ ಮುಖವೇ ಮುಚ್ಚಿಹೋಗುತ್ತದೆ. ಮೂರು ಸಲ ಅಳಿಸಿ ಕೊನೆಗೆ ಗಡ್ಡವಿಲ್ಲದ ಮುಖ ಬರೆದೆ. ಅತ್ತೆಗೆ ತೋರಿಸಿದೆ. “ಹಾ, ಇವನೇ! ಇವನೇ!” ಎಂದು ಕುಡಿಕೆಯನ್ನು ಎದೆಗೊತ್ತಿಕೊಂಡರು. ನೋಡಿದವರು ಇದು ಹತ್ತು ವರ್ಷದ ಬಾಲಕ ಎನ್ನಬಹುದು. ಅವರಿಗೆ ಇಷ್ಟವಾಯಿತಲ್ಲ, ಸಾಕು.

ಬೊಯೆದ್ರೊಮಿಯೋನ್, ಐದು

ಚಟ್ಟದ ಮೇಲೆ ಅವನ ಅಂಗಿ, ಅವನ ಮಣ್ಣು ಕೊಯ್ಯುವ ದಾರ. ಹಗುರವಾಗಿತ್ತು. ನಾಲ್ಕು ಜನ ಹೊತ್ತರು, ಇಬ್ಬರೇ ಸಾಕಿತ್ತು. ಪಟ್ಟಣದ ಬಾಗಿಲಾಚೆ ಗೋರಿಕಲ್ಲು ನಿಲ್ಲಿಸಿದೆವು. ಎಣ್ಣೆ ಹೊಯ್ದೆ. ಕೂದಲು ಕತ್ತರಿಸಿಕೊಂಡೆ. ಅಣ್ಣ ಅತ್ತ. ಅವನು ಅಳುತ್ತಾನೆಂದು ಎಣಿಸಿರಲಿಲ್ಲ.

ಬೊಯೆದ್ರೊಮಿಯೋನ್, ಹನ್ನೆರಡು

ಅತ್ತೆ ಹೋದರು. ಮುಖ ನಗುಮುಖವಾಗಿಯೇ ಇತ್ತು. ಈಗ ಇಬ್ಬರೂ ಆಚೆ ದಡದಲ್ಲಿ, ನಾನೊಬ್ಬಳೇ ಈಚೆ.

ಪೊಸೈದೆಯೋನ್, ಎಂಟು

ಹಗ್ಗದ ವ್ಯಾಪಾರಿಯ ಜೊತೆ ಮಾತು ಮುಗಿಯಿತು ಎಂದು ಅಣ್ಣ ಹೇಳಿದ. ಎಲಾಫೆಬೊಲಿಯೋನ್ ತಿಂಗಳ ಹುಣ್ಣಿಮೆಗೆ ಮುಂಚೆ ಮದುವೆ. ತೆಲೆಸೋನನ ಕಡೆ ಹಕ್ಕುದಾರರು ಯಾರೂ ಇಲ್ಲದ್ದರಿಂದ ಆವಿಗೆಯನ್ನು ಬೇರೆಯವರಿಗೆ ಕೊಡುವುದಂತೆ. ಆಗಲಿ ಎಂದೆ. ನಾನು ಬೇರೇನೋ ಯೋಚಿಸುತ್ತಿದ್ದೆ. ಇವತ್ತು ಬೆಟ್ಟದ ಮೇಲೆ ಹಿಮ ಬಿದ್ದಿದೆ, ಅವನಿಗೆ ಎದೆಶೀತ. ಉಣ್ಣೆಯ ಕಂಬಳಿ ತೆಗೆದುಕೊಂಡು ಹೋಗಿ ಗೋರಿಕಲ್ಲಿಗೆ ಹೊದಿಸಿ ಬಂದೆ. ಯಾರೋ ಕದ್ದಿರುತ್ತಾರೆ ಈಗಾಗಲೇ.

ಗಮೆಲಿಯೋನ್, ಇಪ್ಪತ್ತೇಳು

ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಕೆಡಲಿ.

ಬೆಳಿಗ್ಗೆ ಸಿಮಿಕೆಕ್ಕ ಓಡಿಬಂದಳು. ತಲೆಯ ಮೇಲೆ ಬಟ್ಟೆಯಿಲ್ಲ, ಕಾಲಲ್ಲಿ ಕೆರವಿಲ್ಲ. “ಲಿಸಿ, ನಿನ್ನ ಗಂಡ! ಅವನ ಗೋರಿ ಪಕ್ಕದಲ್ಲೇ ಕೂತಿದಾನೆ! ಕಾವಲಿನವರು ಒಳಗೆ ಬಿಡ್ತಿಲ್ಲ!”

ಹೇಗೆ ಹೋದೆನೋ ತಿಳಿಯದು. ಕೂತಿದ್ದ. ತಲೆ ಬೋಳು, ಹಣೆಯ ಮೇಲೆ ಗುಲಾಮರಿಗೆ ಹಾಕುವ ಬರೆ. ಗಣಿಯಿಂದ ಮಾರಿದ್ದರಂತೆ, ಅಲ್ಲಿಂದ ಹಡಗಿನ ಹೊಟ್ಟೆಯಲ್ಲಿ ಅಡಗಿ ಬಂದನಂತೆ. ನಾನು ಬರೆದ ಮುಖಕ್ಕೂ ಇದಕ್ಕೂ ಸಂಬಂಧವಿಲ್ಲ. ಓಡಿಹೋಗಿ ಅಪ್ಪಿಕೊಳ್ಳಬೇಕೆಂದು ಹೊರಟವಳನ್ನು ಕಾವಲಿನವನು ಈಟಿ ಅಡ್ಡ ಹಿಡಿದು ತಡೆದ. “ಎಣ್ಣೆ ಹೊಯ್ದಿದೀರಿ. ಸತ್ತವನು. ಮುಟ್ಟಿದ್ರೆ ನಿಂಗೂ ಮೈಲಿಗೆ, ಊರಿಗೂ ಮೈಲಿಗೆ.”

ಹತ್ತು ಹೆಜ್ಜೆ ದೂರದಿಂದ ಮಾತಾಡಿದೆವು.

“ಕಲ್ಲು ಚೆನ್ನಾಗಿದೆ,” ಎಂದ ತೆಲೆಸೋನ್. “ಯಾರ ಕೆತ್ತನೆ?”

“ಊಟ ಮಾಡಿದೀಯಾ?” ಎಂದೆ. ಇಷ್ಟು ದಿನ ಕಾದು ನಾನು ಕೇಳಿದ್ದು ಇದನ್ನು.

“ಅಮ್ಮ ಎಲ್ಲಿ?”

ಪಕ್ಕದ ಕಲ್ಲು ತೋರಿಸಿದೆ. ಅವನು ಅದರ ಮೇಲೆ ತಲೆಯಿಟ್ಟ. ನನಗೆ ಕೈ ನೀಡಲೂ ಆಗಲಿಲ್ಲ.

“ನಡಿ, ಬೇರೆ ಎಲ್ಲಾದ್ರೂ ಹೋಗಿಬಿಡೋಣ,” ಎಂದೆ.

“ಎಲ್ಲಿ ಹೋದ್ರೂ ಸತ್ತವನೇ ಲಿಸಿ. ನನಗೂ ಹಾಗೇ ಅನ್ಸತ್ತೆ. ದೇವರ ಕಲ್ಲಿನ ಮುಂದೆ ನಿಂತ್ರೆ ಕೈ ಮೇಲೇಳಲ್ಲ.” ಕೆಮ್ಮಿದ. ಎದೆಯಲ್ಲಿ ಕಫ ಕಟ್ಟಿದೆ.

ಗಮೆಲಿಯೋನ್, ಇಪ್ಪತ್ತೊಂಬತ್ತು

ಶಾಸ್ತ್ರ ಹೇಳುವ ಹಿರಿಯನ ಬಳಿ ಅಣ್ಣನನ್ನು ಕರೆದುಕೊಂಡು ಹೋದೆ. ನಿರ್ದಯಿಯಲ್ಲ, ಹಳೆಯ ಕಾಲದವನು.

“ದಾರಿ ಇದೆ,” ಎಂದ. “ಸತ್ತವನು ಮತ್ತೆ ಹುಟ್ಟಬೇಕು. ಒಬ್ಬ ಹೆಂಗಸು ತನ್ನ ಉಡುಪಿನ ಒಳಗಿಂದ ಅವನನ್ನ ಹೊರಗೆ ತರಬೇಕು. ತೊಳೆದು, ಬಟ್ಟೆ ಸುತ್ತಿ, ಎದೆಗೆ ಹಿಡೀಬೇಕು. ಹತ್ತನೇ ದಿನ ಹೆಸರಿಡಬೇಕು. ಆಮೇಲೆ ಅವನು ಊರಿನವನು.”

“ಅಷ್ಟೇನಾ? ಇವತ್ತೇ ಮಾಡ್ತೀನಿ!” ಎಂದೆ.

“ತಡಿಯಮ್ಮ. ಹೆತ್ತವಳು ತಾಯಿ ಆಗ್ತಾಳೆ. ಆಟಕ್ಕಲ್ಲ, ದೇವರೆದುರು. ಅವಳ ಮನೇಲಿ ಅವನಿಗೆ ಪಾಲು. ನೀನೇ ಹೆತ್ರೆ ನೀನು ತಾಯಿ, ಅವನು ಮಗ. ಇನ್ನು ಯಾವ ಕಾಲಕ್ಕೂ ಗಂಡ ಅಲ್ಲ. ಬೇರೆ ಯಾರಾದ್ರೂ ಹೆತ್ರೆ ಅವನನ್ನ ನೀನು ಮತ್ತೆ ಮದುವೆ ಆಗಬಹುದು.”

ದಾರಿಯಲ್ಲಿ ಅಣ್ಣನ ಕಾಲು ಹಿಡಿದೆ. “ಅತ್ತಿಗೆ ಹತ್ರ ಹೇಳಣ್ಣ. ಒಂದು ಗಳಿಗೆ ಕೆಲಸ.”

“ಹುಚ್ಚಾ ನಿಂಗೆ? ನನ್ನ ಮೂರು ಮಕ್ಕಳ ಪಾಲಿನಲ್ಲಿ ಮೂವತ್ತು ವರ್ಷದ ಇನ್ನೊಬ್ಬ ಮಗನಾ?”

ಆಂಥೆಸ್ತೆರಿಯೋನ್, ಹತ್ತು

ಹತ್ತು ದಿನದಲ್ಲಿ ಹನ್ನೆರಡು ಮನೆ ಹತ್ತಿ ಇಳಿದೆ. ಪಾಲಿನ ಭಯ ಕೆಲವರಿಗೆ, ಸತ್ತವನನ್ನು ಮೈಗೆ ತಾಗಿಸಿಕೊಂಡರೆ ಬದುಕಿರುವ ಮಕ್ಕಳಿಗೆ ಕೆಡುಕು ಎಂಬ ಭಯ ಉಳಿದವರಿಗೆ. ಕೊನೆಗೆ ಸಿಮಿಕೆಕ್ಕನ ಮುಂದೆ ನಿಂತೆ. ಅವಳಿಗೆ ಪಾಲು ಕೊಡಲು ಮಕ್ಕಳಿಲ್ಲ, ಕೆಡುಕಾಗಲು ಮಕ್ಕಳಿಲ್ಲ.

ಅವಳು ಮಾಲೆ ಕಟ್ಟುವುದನ್ನು ನಿಲ್ಲಿಸಲಿಲ್ಲ. “ಕೇಳ್ತೀಯ ಅಂತ ಗೊತ್ತಿತ್ತು. ಬೈಬೇಡ ಲಿಸಿ. ನನ್ನ ಹೊಟ್ಟೇಲಿ ಇಬ್ರು ಇದ್ರು. ಆ ಜಾಗಕ್ಕೆ ನಿನ್ನ ಗಂಡನ್ನ ಹೇಗೆ ಕರೀಲಿ? ಅವನು ಹೊರಗೆ ಬಂದಾಗ ನಾನು ಅವನ ಮುಖ ನೋಡಿ, ‘ನೀನ್ಯಾಕೆ ಬಂದೆ, ಅವರ್ಯಾಕೆ ಬರ್ಲಿಲ್ಲ’ ಅಂತ ಕೇಳಿಬಿಡ್ತೀನಿ. ಹಾಗೆ ಕೇಳೋಳು ತಾಯಿ ಆಗಬಾರ್ದು.”

ಬೈಯಲಿಲ್ಲ. ಅವಳ ಪಕ್ಕ ಕೂತು ಸ್ವಲ್ಪ ಹೊತ್ತು ನೂಲು ಹಿಡಿದುಕೊಟ್ಟೆ.

ಅವನ ಕೆಮ್ಮು ಹೆಚ್ಚಿದೆ. ಗೋರಿಯ ಮೇಲೆ ಇಡುವ ಊಟವನ್ನು ಮಾತ್ರ ಅವನು ತಿನ್ನಬಹುದು, ಸತ್ತವರಿಗೆ ಬೆಂಕಿ ಕೊಡುವಂತಿಲ್ಲ. ಇನ್ನೊಂದು ಹಿಮದ ವಾರ ತಡೆಯಲಾರ.

ಆಂಥೆಸ್ತೆರಿಯೋನ್, ಹದಿಮೂರು

ಇವತ್ತು ಹಬ್ಬದ ಮೂರನೆಯ ದಿನ, ಸತ್ತವರು ಊರೊಳಗೆ ಬರುವ ದಿನ. ಎಲ್ಲರೂ ಪ್ರೇತ ಒಳಗೆ ಬಾರದಿರಲೆಂದು ಬಾಗಿಲಿಗೆ ಕರಿ ರಾಳ ಬಳಿದು, ಮುಳ್ಳೆಲೆ ಜಗಿಯುತ್ತ ಒಳಗೆ ಕೂತಿದ್ದರು. ನಾನು ರಾಳ ಬಳಿಯಲಿಲ್ಲ. ಎಲ್ಲ ಕಾಳು ಹಾಕಿ, ಜೇನು ಬೆರೆಸಿ, ಸತ್ತವರ ಗಡಿಗೆ ಬೇಯಿಸಿ ಬಾಗಿಲು ತೆರೆದಿಟ್ಟೆ.

ಮಧ್ಯಾಹ್ನ ಬಂದ. “ಕಾವಲಿನವರೇ ಬಿಟ್ರು,” ಎಂದ. “‘ಇವತ್ತು ನಿಮ್ಮೋರ ದಿನ, ಹೋಗಿ ಬಾರಪ್ಪ’ ಅಂದ್ರು.”

ಒಳಗೆ ಬಂದವನು ತಿಗರಿಯ ಪಕ್ಕದ ತನ್ನ ಜಾಗದಲ್ಲಿ ಕೂತ. ಬದುಕಿರುವವರು ಯಾರೂ ಬಾಯಿಗಿಡದ ಆ ಗಡಿಗೆಯ ಅಡುಗೆಯನ್ನು ಅವನ ಮುಂದಿಟ್ಟೆ. ಬಿಸಿಯಿತ್ತು, ಊದಿ ಊದಿ ಕೊಟ್ಟೆ. ಮೂರು ಬಟ್ಟಲು ತಿಂದ. ನಾನು ನೋಡುತ್ತ ಕೂತೆ. ಅವನ ಮೈ ಮುಟ್ಟಬೇಕೆಂಬ ಆಸೆ ಬರುತ್ತದೆಂದು ಹೆದರಿದ್ದೆ. ಬಂತು, ಆದರೆ ಹಣೆಯ ಬರೆಗೆ ಬೆಣ್ಣೆ ಹಚ್ಚಬೇಕು, ಕಾಲಿನ ಒಡಕು ತೊಳೆಯಬೇಕು ಎಂಬ ಆಸೆ. ಎರಡು ವರ್ಷ ಕಾದದ್ದು ಇದಕ್ಕೇ ಇರಬೇಕು.

“ಗುಡುಗಿದ್ರೆ ಗುಡಾಣದಲ್ಲಿ ಕೂರ್ತಿದ್ದೆಯಂತೆ,” ಎಂದೆ.

“ಅಮ್ಮ ಹೇಳಿಬಿಟ್ಲಾ?” ನಕ್ಕ. ನಗು ಕೆಮ್ಮಾಯಿತು.

ಸಂಜೆಯಾಯಿತು. ಬೀದಿಯ ಮನೆಮನೆಯಿಂದ ಕೂಗು ಎದ್ದಿತು. “ಹೊರಡಿ, ಸತ್ತೋರೆಲ್ಲ ಹೊರಡಿ! ಹಬ್ಬ ಮುಗೀತು!” ಪ್ರತಿ ಮನೆಯವರೂ ಕೂಗಬೇಕು. ಪಕ್ಕದ ಮನೆಯಾತ ಗೋಡೆ ಬಡಿದ. “ಏನಮ್ಮಾ, ನಿಮ್ಮನೆ ಕೂಗು ಕೇಳಿಸ್ಲಿಲ್ವಲ್ಲ?”

“ಕೂಗು ಲಿಸಿ,” ಎಂದ ತೆಲೆಸೋನ್. “ಕೂಗದಿದ್ರೆ ಬೀದಿಯೆಲ್ಲ ನಿನ್ನ ಮೇಲೆ ಬೀಳತ್ತೆ.” ನಾನು ಆಗದೆಂದು ತಲೆಯಾಡಿಸಿದೆ. ಅವನು ಗೋಡೆ ಹಿಡಿದು ಎದ್ದ. ಬಾಗಿಲಿಗೆ ಹೋಗಿ, ಬೀದಿಗೆಲ್ಲ ಕೇಳುವಂತೆ ಅವನೇ ಕೂಗಿದ. “ಹೊರಡಿ, ಸತ್ತೋರೆಲ್ಲ ಹೊರಡಿ! ಹಬ್ಬ ಮುಗೀತು!” ಕೂಗಿ ತಾನೇ ಹೊಸ್ತಿಲು ದಾಟಿದ.

“ನಿಲ್ಲು,” ಎಂದೆ. “ನಾಡಿದ್ದು ಬೆಳಿಗ್ಗೆ ಗೋರಿ ಹತ್ರ ಬರ್ತೀನಿ. ನಾನೇ ಹೆರ್ತೀನಿ.”

ಅವನು ತಿರುಗಿದ. “ಆಮೇಲೆ ನಾನು ನಿನಗೇನಾಗ್ತೀನಿ ಅಂತ ಗೊತ್ತಲ್ಲ?”

“ಗೊತ್ತು.”

“ಒಂದಿನಾನೂ ನಿನ್ನ ಮರ್ತಿರ್ಲಿಲ್ಲ ಲಿಸಿ. ಗಣಿಯಲ್ಲೂ.”

“ಹೋಗು, ಊರ ಬಾಗಿಲು ಹಾಕ್ತಾರೆ. ಇಗೋ ಕಂಬಳಿ, ಹೊದ್ದುಕೋ,” ಎಂದೆ. ಅವನು ಬೀದಿಯ ತಿರುವು ದಾಟಿದ ಮೇಲೆ ಬಾಗಿಲಿಗೆ ಹಣೆ ಚಚ್ಚಿಕೊಂಡು ಅತ್ತುಬಿಟ್ಟೆ.

ಆಂಥೆಸ್ತೆರಿಯೋನ್, ಹದಿನೈದು

ಅತ್ತೆಯ ಅಗಲದ ಉಡುಪು ಉಟ್ಟೆ. ಹಿರಿಯನೂ ಅಣ್ಣನೂ ದೂರ ನಿಂತರು. ಕರೆಯದೆಯೇ ಸಿಮಿಕೆಕ್ಕ ಬಂದಿದ್ದಳು, ಸೊಂಟಕ್ಕೆ ಬಟ್ಟೆ ಬಿಗಿದು, ಬಿಸಿನೀರಿನ ಕೊಡ ಹೊತ್ತು.

“ಹೆರೋಕಾಗಲ್ಲ ಅಂದೆ, ಹೆರಿಗೆ ಮಾಡ್ಸೋಕಾಗಲ್ಲ ಅಂದ್ನಾ? ಕೂತ್ಕೋ. ಕಾಲಗಲಿಸು.”

ಅವನು ತಲೆ ತಗ್ಗಿಸಿ ನನ್ನ ಕತ್ತಿನ ಬಳಿಯಿಂದ ಉಡುಪಿನೊಳಗೆ ಇಳಿದ. ಎಷ್ಟು ಸಣ್ಣಗಾಗಿದ್ದಾನೆ, ಸುಲಭವಾಗಿ ಹಿಡಿಸಿದ.

“ಕೂಗೇ! ಪಿಸುಗುಟ್ಟಿ ಹೆತ್ತೋರನ್ನ ಎಲ್ಲಾದ್ರೂ ಕಂಡಿದೀಯಾ?”

ಕೂಗಿದೆ. ಮೊದಲನೆಯ ಕೂಗು ಶಾಸ್ತ್ರಕ್ಕೆ, ಎರಡನೆಯದರಿಂದ ನಿಜವಾದ ಕೂಗೇ ಬಂತು. ಅವನ ತಲೆ ನನ್ನ ಎದೆಯ ಕೆಳಗೆ ಬಂದು ನಿಂತಿತು. ಉಸಿರು ಹೊಟ್ಟೆಗೆ ಬಡಿಯುತ್ತಿತ್ತು. ಬಟ್ಟೆಯೊಳಗೆ ಅವನ ಕೈ ನನ್ನ ಬೆನ್ನನ್ನು ಹುಡುಕಿ ಹಿಡಿಯಿತು, ಅದೇ ಒರಟು ಕೈ. ಅಲ್ಲಿ ಇನ್ನೂ ಅವನು ನನ್ನ ಗಂಡ. ನಾನು ಎರಡೂ ತೋಳುಗಳಿಂದ ಬಟ್ಟೆಯ ಮೇಲಿಂದಲೇ ಅವನನ್ನು ಅಪ್ಪಿ ತಡೆದುಬಿಟ್ಟೆ. ಬಿಡಲಿಲ್ಲ. ಹಿರಿಯ ಕೆಮ್ಮಿದ. ಯಾರೋ ಏನೋ ಅಂದರು. ನಾನು ಬಿಡಲಿಲ್ಲ.

ಸಿಮಿಕೆಕ್ಕ ನನ್ನ ಕಿವಿಯ ಬಳಿ ಬಗ್ಗಿದಳು. “ಬಿಡವ್ವ,” ಎಂದಳು ಮೆಲ್ಲಗೆ. “ಮಗೂಗೆ ಉಸಿರು ಕಟ್ಟತ್ತೆ.”

ಬಿಟ್ಟೆ.

ನೆಲದ ಮೇಲೆ ಜಾರಿ ಬಿದ್ದವನು ಅಳಲಿಲ್ಲ. ಅಳದ ಮಗು ಹುಟ್ಟಿದ ಹಾಗಲ್ಲ. ಸಿಮಿಕೆಕ್ಕ ಬೆನ್ನಿಗೆ ಒಂದು ಬಿಟ್ಟಳು, ಇನ್ನೊಂದು ಬಿಟ್ಟಳು. ಆಗ ಅತ್ತ. ಗಣಿಯಲ್ಲಿ ಅಳದದ್ದನ್ನೆಲ್ಲ ಅತ್ತನೋ ಏನೋ, ಕಾವಲಿನವರೂ ಆಚೆ ಮುಖ ತಿರುಗಿಸಿದರು. ತೊಳೆದೆವು, ಬಟ್ಟೆ ಸುತ್ತಿದೆವು. ತಲೆಯನ್ನು ಎದೆಗೆ ಹಿಡಿದೆ. ಹಾಲಿರಲಿಲ್ಲ. ಇದ್ದಿದ್ದರೆ ಕೊಡುತ್ತಿದ್ದೆ.

ಮನೆಗೆ ಕರೆತಂದಾಗ ಸಿಮಿಕೆಕ್ಕ ಬಾಗಿಲಿಗೆ ಆಲಿವ್ ಎಲೆಯ ಮಾಲೆ ಕಟ್ಟಿದಳು. ಗಂಡುಮಗು ಹುಟ್ಟಿದ ಮನೆ.

ಆಂಥೆಸ್ತೆರಿಯೋನ್, ಇಪ್ಪತ್ತನಾಲ್ಕು

ಹೆಸರಿಟ್ಟಾಯಿತು. ಬೇರೆ ಹೆಸರು ನನಗೆ ಗೊತ್ತಿರಲಿಲ್ಲ, ತೆಲೆಸೋನ್ ಎಂದೇ ಕರೆದೆ. ಗಂಡುಮಗನಿರುವ ವಿಧವೆ ಮಗನ ಆಸರೆಯಲ್ಲಿ ಇರಬಹುದು, ಯಾರೂ ಒತ್ತಾಯದ ಮದುವೆ ಮಾಡುವಂತಿಲ್ಲ ಎಂದು ಹಿರಿಯ ಅಣ್ಣನಿಗೆ ಹೇಳಿದ. ಅಣ್ಣ ಹಗ್ಗದ ವ್ಯಾಪಾರಿಗೆ ಮದುವೆ ಇಲ್ಲವೆಂದು ಹೇಳಿ ಕಳಿಸಿದ. ಹೋಗುವಾಗ ನನ್ನ ತಲೆ ಮುಟ್ಟಿ, “ಇನ್ನೊಂದೆರಡು ವರ್ಷಕ್ಕೆ ಇವನಿಗೆ ಒಂದು ಹೆಣ್ಣು ನೋಡ್ಬೇಕು ನೀನು,” ಎಂದ. ನೋಡುತ್ತೇನೆ. ಒಳ್ಳೆಯ ಹುಡುಗಿಯನ್ನೇ ನೋಡುತ್ತೇನೆ.

ಕೆಮ್ಮು ಕಡಿಮೆಯಾಗಿದೆ. ಈರುಳ್ಳಿ ಕಟ್ಟುತ್ತಿದ್ದೇನೆ. ಅವನು ಆವಿಗೆಯ ಕೋಣೆಯಲ್ಲಿ ಮಲಗುತ್ತಾನೆ, ನಾನು ಅತ್ತೆಯ ಕೋಣೆಯಲ್ಲಿ.

ಇವತ್ತು ಬಿಸಿಲು ಬಂತು. ನಾನು ಅಂಗಳದಲ್ಲಿ ಬಣ್ಣ ಅರೆಯುತ್ತಿದ್ದೆ. ಹಿಂದಿನಿಂದ ಅವನು ಕೇಳಿದ, “ಅಮ್ಮಾ, ಮಣ್ಣು ನೆನೆಹಾಕ್ಲಾ?”

“ಹಾಕಪ್ಪ,” ಎಂದೆ. ತಿರುಗಿ ನೋಡಲಿಲ್ಲ. ದನಿ ಅದೇ.